ಫೋನಿಗೂ ಅಮಾವಾಸ್ಯೆ ಕೊಟ್ಟ ಜಾನಮ್ಮ ಟೀಚರ್

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಪ್ರಾಥಮಿಕ ಶಿಕ್ಷಣ ಕ್ಷೇತ್ರದಲ್ಲಿ ಹೆಸರು ಮಾಡಿದವರು ಹಲವರಿದ್ದಾರೆ. ಪಠ್ಯಪುಸ್ತಕ ರಚಿಸಿದವರಿದ್ದಾರೆ, ಪ್ರಶಸ್ತಿಗಳನ್ನು ಗೋಡೆ ತುಂಬ ನೇತುಹಾಕಿಕೊಂಡವರಿದ್ದಾರೆ, ವೇದಿಕೆ ಹತ್ತಿದರೆ ಇಳಿಯಲು ಮನಸ್ಸೇ ಬಾರದವರೂ ಇದ್ದಾರೆ. ಈ ಸಾಲಿನಲ್ಲಿ ಶ್ರೀಮತಿ ಜಾನಮ್ಮನವರನ್ನು ಎಲ್ಲಿ ಕೂರಿಸಬೇಕು ಎಂದು ಯಾರಾದರೂ ಕೇಳಿದರೆ, ಅವರನ್ನು ಒಂದು ಕಡೆ ಕೂರಿಸುವುದೇ ಮೊದಲು ಕಷ್ಟದ ಕೆಲಸ ಎಂದು ಹೇಳಬೇಕಾಗುತ್ತದೆ. ಮಕ್ಕಳ ಕೈಗೆ ಬಂದು ಕೂತ ಮೊಬೈಲ್ ಫೋನನ್ನು ಏನು ಮಾಡುವುದು ಎಂದು ದೊಡ್ಡ ದೊಡ್ಡವರು ಸಭೆ ಸೇರಿ ತಲೆ ಕೆಡಿಸಿಕೊಳ್ಳುತ್ತಿದ್ದ ಹೊತ್ತಿನಲ್ಲಿ, ಈ ತಾಯಿ ಪಲ್ಲಡಂ ಬಳಿಯ ಒಂದು ನೇಕಾರರ ಊರಿನಲ್ಲಿ ಮನೆ ಮನೆಯ ಜಗುಲಿ ಹತ್ತಿ, ಒಮ್ಮೆ ಘೋರವಾಗಿ ತಪ್ಪಿ, ಆಮೇಲೆ ತಿದ್ದಿಕೊಂಡು, ಒಂದು ದಾರಿಯನ್ನು ಕಂಡುಕೊಂಡರು. ಅವರ ನಿವೃತ್ತಿಯ ಈ ಸಂದರ್ಭದಲ್ಲಿ ಆ ದಾರಿಯ ಕಥೆಯನ್ನು ಹೇಳುವುದೇ ಅವರಿಗೆ ಸಲ್ಲಿಸಬಹುದಾದ ನಿಜವಾದ ಅಭಿನಂದನೆ ಎಂಬುದು ಅವರ ಸಹೋದ್ಯೋಗಿಯಾದ ಈ ಲೇಖಕನ ನಂಬಿಕೆ.

ತಪ್ಪಿದ್ದನ್ನು ಅಭಿನಂದನ ಗ್ರಂಥದಲ್ಲಿ ಬರೆಯುವುದುಂಟೇ ಎಂದು ಸಂಪಾದಕರು ಹುಬ್ಬೇರಿಸಿದರು. ಜಾನಮ್ಮನವರನ್ನೇ ಕೇಳಿದಾಗ, "ಅದನ್ನ ಬಿಟ್ಟು ಬರೆದ್ರೆ ಉಳಿಯೋದು ಏನುಂಗ? ನಾನು ಸೀರೆ ಉಟ್ಕೊಂಡು ಸ್ಕೂಲಿಗೆ ಹೋಗಿ ಬಂದೆ ಅಂತ ಬರೀತೀರಾ?" ಎಂದು ಆ ಕಡೆಯ ಮಾತಿನ ಮರ್ಯಾದೆಯ ‘ಂಗ’ ಬಿಡದೆಯೇ ಕೇಳಿದರು. ಆದ್ದರಿಂದ ಬರೆಯುತ್ತಿದ್ದೇವೆ.

ಜಾನಮ್ಮನವರು ಅವಿನಾಶಿಯ ಕಡೆಯ ನೇಕಾರ ಮನೆತನದವರು. ತಂದೆ ನಂಜಪ್ಪನ್ ಅವರು ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಓದಿದ್ದು, ಬರೆದದ್ದು, ಪಾಠ ಹೇಳಿದ್ದು ಎಲ್ಲವೂ ತಮಿಳಿನಲ್ಲೇ. ಕನ್ನಡದ ಅಕ್ಷರಗಳನ್ನು ನಡುವಯಸ್ಸು ದಾಟಿದ ಮೇಲೆ ಹಟ ಹಿಡಿದು ಕಲಿತರು. ಈಗಲೂ ಒಂದೊಂದೇ ಅಕ್ಷರ ಕೂಡಿಸಿ ಓದುವ ಅವರು ಈ ಲೇಖನವನ್ನು ಮುಗಿಸುವ ಹೊತ್ತಿಗೆ ಗ್ರಂಥದ ಎರಡನೆಯ ಮುದ್ರಣ ಬಂದರೂ ಆಶ್ಚರ್ಯವಿಲ್ಲ.

ಅವರ ಮೊದಲ ಕೆಲಸ ಅನ್ನೂರಿನ ಕಡೆ. ಅಲ್ಲಿ ಒಂದು ಬೇಸಾಯಗಾರರ ಮನೆಯ ಕನ್ನಡದ ಹುಡುಗಿ ತರಗತಿಯಲ್ಲಿ ಅವಸರಕ್ಕೆ ಕನ್ನಡದಲ್ಲಿ ನೀರು ಕೇಳಿದಳಂತೆ. ಉಳಿದ ಮಕ್ಕಳು ಗೊಳ್ಳೆಂದು ನಕ್ಕರು. ಜಾನಮ್ಮನವರು ಯಾರನ್ನೂ ಗದರಲಿಲ್ಲ. ಅಂದಿನಿಂದ ಆ ತರಗತಿಯಲ್ಲಿ ಯಾರಿಗೆ ಬಾಯಾರಿದರೂ ಕನ್ನಡದಲ್ಲೇ ಕೇಳಬೇಕು, ಇಲ್ಲವಾದರೆ ನೀರಿಲ್ಲ ಎಂದು ಅಪ್ಪಣೆ ಮಾಡಿದರು. ವರ್ಷ ಮುಗಿಯುವ ಹೊತ್ತಿಗೆ ಇಡೀ ತರಗತಿ ಕನ್ನಡದಲ್ಲಿ ನೀರು ಕೇಳುತ್ತಿತ್ತು, ಆ ಹುಡುಗಿ ಎಲ್ಲರ ಉಚ್ಚಾರ ತಿದ್ದುತ್ತಿದ್ದಳು. ಇಂಥ ಉಪಕಾರಗಳು ಅವರ ಸೇವಾವಧಿಯ ಉದ್ದಕ್ಕೂ ಇವೆ. ಹೇಳುತ್ತ ಹೋದರೆ ಮುಖ್ಯವಾದದ್ದಕ್ಕೆ ಜಾಗ ಉಳಿಯುವುದಿಲ್ಲ.

ಮುಂದೆ ಅವರು ಮುಖ್ಯೋಪಾಧ್ಯಾಯಿನಿಯಾಗಿ ಬಂದು, ನಿವೃತ್ತಿಯವರೆಗೂ ಉಳಿದ ಊರು ಚೌಡಾಪಾಳ್ಯಂ. ಊರು ಎಂದರೆ ಕೆಲವು ಬೀದಿಗಳು, ಒಂದು ಚೌಡಮ್ಮನ ಗುಡಿ, ಮನೆಗೆ ಅಂಟಿಕೊಂಡ ಪವರ್‌ಲೂಮ್ ಶೆಡ್ಡುಗಳು. ಬೆಳಗಿನಿಂದ ಮಗ್ಗ, ಊರವರ ಬಾಯಲ್ಲಿ ತರಿ, ಓಡುತ್ತಿರುವಾಗ ಅಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಗಂಡ ಹೆಂಡತಿ ಕೈಸನ್ನೆಯಲ್ಲೇ ಜಗಳವಾಡಿ ಕೈಸನ್ನೆಯಲ್ಲೇ ರಾಜಿಯಾಗುತ್ತಾರೆ. ಶೆಡ್ಡಿನಿಂದ ಹೊರಬಂದವರು ಮೆಲ್ಲಗೆ ಮಾತಾಡುವುದನ್ನೇ ಮರೆತಿರುತ್ತಾರೆ. ಹೊಸಬರು ಆ ಊರಿಗೆ ಹೋದರೆ ತಮ್ಮನ್ನು ಬೈಯುತ್ತಿದ್ದಾರೇನೋ ಎಂದು ಹೆದರುವುದುಂಟು.

ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿದಾಗ, ಪಾಠಗಳು ಫೋನಿನಲ್ಲಿ ಬರುತ್ತವೆ, ಹೇಗಾದರೂ ಮಾಡಿ ಮನೆಗೊಂದು ದೊಡ್ಡ ಫೋನು ತನ್ನಿ ಎಂದು ಮನೆ ಮನೆಗೆ ಹೋಗಿ ಹೇಳಿದವರು ಬೇರೆ ಯಾರೂ ಅಲ್ಲ, ಇದೇ ಜಾನಮ್ಮನವರು. ಜನ ತಂದರು. ಪಾಠ ಸ್ವಲ್ಪ ಬಂತು, ಪಾಠದ ಹಿಂದೆಯೇ ಉಳಿದದ್ದೆಲ್ಲ ಬಂತು. ಶಾಲೆ ಮತ್ತೆ ತೆರೆದಾಗ ಎರಡನೆಯ ತರಗತಿಯ ರಾಮ್‌ಕುಮಾರ್ ಎಂಬ ಹುಡುಗ ಪುಸ್ತಕದಲ್ಲಿದ್ದ ನವಿಲಿನ ಚಿತ್ರವನ್ನು ದೊಡ್ಡದು ಮಾಡಲು ಎರಡು ಬೆರಳಿನಿಂದ ಹಾಳೆಯನ್ನು ಹಿಗ್ಗಿಸುತ್ತಿದ್ದುದನ್ನು ಕಂಡು ಜಾನಮ್ಮನವರಿಗೆ ಮೊದಲು ನಗು ಬಂತು, ಮರುಕ್ಷಣದಿಂದ ಅವರು ಊರಿನ ಉಳಿದ ಮಕ್ಕಳನ್ನೂ ಗಮನಿಸತೊಡಗಿದರು. ಫೋನಿಲ್ಲದೆ ತುತ್ತು ನುಂಗದ ಮಕ್ಕಳು, ಕರೆದರೆ ತಿರುಗಿ ನೋಡದ ಮಕ್ಕಳು, ಮಾತು ಕಲಿಯುವ ವಯಸ್ಸಿನಲ್ಲಿ ಬರಿದೆ ಬೆರಳು ಆಡಿಸುವ ಮಕ್ಕಳು. ನಾನೇ ತಂದದ್ದನ್ನು ನಾನೇ ತೆಗೆಯಬೇಕು ಎಂದು ಅವರು ನಿಶ್ಚಯಿಸಿದರು. ನಿಶ್ಚಯ ಮಾಡಿದರೆ ಅವರನ್ನು ತಡೆಯುವವರು ಯಾರು? ನಾವು ಯಾರೂ ತಡೆಯಲಿಲ್ಲ.

ಆ ಊರಿನ ನೇಕಾರರಲ್ಲಿ ಒಂದು ಸಂಪ್ರದಾಯವಿದೆ. ತೀರಾ ದೊಡ್ಡ ವಿಷಯಕ್ಕೆ ಮಾತು ಕೊಡಬೇಕಾದಾಗ ಚೌಡಮ್ಮನ ಮುಂದೆ ಮಗ್ಗದ ಲಾಳಿಯನ್ನಿಟ್ಟು, ಅದನ್ನು ಮುಟ್ಟಿ ಮಾತು ಕೊಡುತ್ತಾರೆ. ಕುಡಿತ ಬಿಡುವವನು, ಪಾಲು ಹಂಚಿಕೊಂಡು ಬೇರೆಯಾಗುವ ಅಣ್ಣತಮ್ಮಂದಿರು, ಇಂಥವರು ಲಾಳಿ ಮುಟ್ಟುವುದು ವಾಡಿಕೆ. ಲಾಳಿ ಮುಟ್ಟಿದ ಮೇಲೆ ಮಾತು ತಪ್ಪಿದರೆ ಆ ಕೈಗೆ ನೇಯ್ಗೆ ಹತ್ತುವುದಿಲ್ಲ ಎಂಬುದು ನಂಬಿಕೆ. ಜಾನಮ್ಮನವರು ಒಂದು ಶುಕ್ರವಾರ ತಾಯಂದಿರನ್ನೆಲ್ಲ ಗುಡಿಗೆ ಕರೆಸಿ, ಚಿಕ್ಕ ಮಕ್ಕಳ ಕೈಗೆ ಫೋನ್ ಕೊಡುವುದಿಲ್ಲ ಎಂದು ಲಾಳಿ ಮುಟ್ಟಿಸಿ ಮಾತು ತೆಗೆದುಕೊಂಡರು. ಗುಡಿಯ ಹಿರಿಯರಾದ ಕುಪ್ಪುಸಾಮಿಯವರು, "ಟೀಚರ್, ಲಾಳಿವರೆಗೂ ಹೋಗಬೇಕಾ? ಬಾಯಲ್ಲಿ ಹೇಳಿದ್ರೆ ಸಾಲದಾ?" ಎಂದು ಒಂದು ಮಾತು ಹೇಳಿ ನೋಡಿದರು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ ಎಂದು ಟೀಚರ್ ಉತ್ತರಿಸಿದರು. ತಾಯಂದಿರು ಒಬ್ಬೊಬ್ಬರಾಗಿ ಬಂದು ಲಾಳಿ ಮುಟ್ಟಿದರು. ಅವರಲ್ಲಿ ಸುಗನ್ಯಾ ಎಂಬುವಳೂ ಇದ್ದಳು.

ಸುಗನ್ಯಾ ಮತ್ತು ಅವಳ ಗಂಡ ಸೆಂದಿಲ್ ಕುಮಾರ್ ಮನೆಯ ಶೆಡ್ಡಿನಲ್ಲಿ ಇಬ್ಬರೇ ಮಗ್ಗಗಳನ್ನು ಓಡಿಸುತ್ತಿದ್ದರು. ಅವರ ಮಗಳು ಗೋಕಿಲಾ ಮುಂದಿನ ವರ್ಷ ಶಾಲೆಗೆ ಸೇರಬೇಕಾದ ಕೂಸು. ಸುಗನ್ಯಾ ಮನೆಗೆ ಬಂದು ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಕೆಲವೇ ದಿನ ಕಳೆದಿರಬೇಕು. ಅತ್ತೆ ಕಮಲಾತಾಳ್ ರೇಷನ್ ಅಂಗಡಿಗೆ ಹೋಗಿದ್ದರು, ಸುಗನ್ಯಾ ಕಡಿದ ಎಳೆ ಕಟ್ಟಲು ಮಗ್ಗದ ಹಿಂದಕ್ಕೆ ಹೋಗಿದ್ದಳು, ಸೆಂದಿಲ್ ಕುಮಾರ್ ಬೆನ್ನು ತಿರುಗಿಸಿ ನಿಂತಿದ್ದ. ಮಂಚದ ಮೇಲೆ ಕೂತು ಬೇಸತ್ತ ಮಗು ಇಳಿದು ಅಮ್ಮನನ್ನು ಹುಡುಕಿಕೊಂಡು ಶೆಡ್ಡಿಗೆ ಬಂತು. ಓಡುತ್ತಿದ್ದ ಬೆಲ್ಟಿನ ಮೇಲೆ ಕೈ ಇಟ್ಟಿತು. ಆ ಸದ್ದಿನಲ್ಲಿ ಮಗುವಿನ ಕೂಗು ತಂದೆಗೆ ಕೇಳಲಿಲ್ಲ, ತಾಯಿಗೂ ಕೇಳಲಿಲ್ಲ. ತಿರುಗಿ ನೋಡಿದಾಗಲೇ ಕಂಡದ್ದು. ತಿರುಪ್ಪೂರಿನ ಆಸ್ಪತ್ರೆಯಲ್ಲಿ ಮಗುವಿನ ಬಲಗೈಯನ್ನು ಉಳಿಸಿದರು, ತೋರುಬೆರಳಿನ ತುದಿಯನ್ನು ಉಳಿಸಲಾಗಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಸುಗನ್ಯಾ ಶಾಲೆಗೆ ಬಂದಳು. ನಾವೆಲ್ಲ ಅವಳು ಕೂಗಾಡುತ್ತಾಳೆಂದು ಎಣಿಸಿದ್ದೆವು. ಅವಳು ಕೂಗಲಿಲ್ಲ.

"ಟೀಚರ್, ನಾನು ಜಗಳಕ್ಕೆ ಬರಲಿಲ್ಲಂಗ. ಒಂದು ಮಾತು ಹೇಳಿಬಿಟ್ಟು ಹೋಗೋಣಾಂತ ಬಂದೆ. ಫೋನ್ ಕೈಲಿ ಇದ್ದಿದ್ರೆ ನನ್ನ ಪಾಪು ಮಂಚ ಬಿಟ್ಟು ಇಳೀತಿರಲಿಲ್ಲ. ಅದು ಕೂತಿರಲಿ, ತರಿ ಹತ್ರ ಬರದೇ ಇರಲಿ ಅಂತ ತಾನೆ ನಾನು ಫೋನ್ ಕೊಡ್ತಿದ್ದಿದ್ದು. ಬೇರೆಯವರು ನಿಮ್ಮ ಮುಂದೆ ಮುಟ್ಟಿದ್ರೂ ಮನೇಲಿ ಕೊಟ್ಟುಬಿಟ್ರು. ನಾನು ಲಾಳಿ ಮುಟ್ಟಿದ್ನಲ್ಲ, ನಂಬ್ಕೊಂಡು ಬೀಗ ಹಾಕ್ದೆ."

ಜಾನಮ್ಮನವರು ಕುರ್ಚಿಯಿಂದ ಎದ್ದು ನಿಂತರು.

"ಇನ್ಮೇಲೆ ನನ್ನ ಮಗಳ ತಂಟೆಗೆ ಬರಬೇಡಿಂಗ," ಎಂದಳು ಸುಗನ್ಯಾ. "ನಿಮ್ಮ ಸ್ಕೂಲಿಗೂ ನಾನು ಕಳಿಸೋದಿಲ್ಲ."

ಆ ದಿನದ ಬಗ್ಗೆ ಜಾನಮ್ಮನವರು ನಮ್ಮೊಡನೆ ಮಾತಾಡಿದ್ದು ಬಹಳ ಕಡಿಮೆ. ನೇಕಾರರ ಮನೆಯಲ್ಲಿ ಹುಟ್ಟಿ, ಮಗ್ಗದ ಬುಡದಲ್ಲಿ ಆಡಿ ಬೆಳೆದ ತನಗೆ ಇದು ಹೊಳೆಯಲಿಲ್ಲವಲ್ಲ ಎಂಬುದು ಅವರನ್ನು ಹೆಚ್ಚು ಚುಚ್ಚಿತು. ತಂದೆಯ ಕೈಮಗ್ಗಕ್ಕೆ ಬೆಲ್ಟಿರಲಿಲ್ಲ, ಮೋಟಾರಿರಲಿಲ್ಲ. ಮಗುವಿಗೆ ಅದರ ಬುಡವೇ ತೊಟ್ಟಿಲು. ಇವತ್ತಿನ ಶೆಡ್ಡಿನಲ್ಲಿ ತಾಯಿಗೆ ಫೋನೇ ಕಾವಲುಗಾರ ಎಂಬುದನ್ನು ಅವರು ಮನೆಯೊಳಗೆ ಕಾಲಿಟ್ಟು ನೋಡಿರಲಿಲ್ಲ. ಈಗ ಸಿಟ್ಟಿಗೋ ಭಯಕ್ಕೋ ಸುಗನ್ಯಾ ಬೆಳಗಾದರೆ ಮಗುವಿನ ಕೈಗೆ ಫೋನ್ ಕೊಟ್ಟು, ಶೆಡ್ಡು ನಿಂತ ಮೇಲೂ ತೆಗೆದುಕೊಳ್ಳದೆ ಬಿಡುತ್ತಿದ್ದಾಳೆ ಎಂಬ ಸುದ್ದಿ ಬಂತು. ತನ್ನ ಒಂದು ಹಟದಿಂದ ಒಂದು ಕೂಸಿನ ಬೆರಳೂ ಹೋಯಿತು, ಇನ್ನು ಅದರ ಬಾಲ್ಯವೂ ಹೋಗುತ್ತದೆ, ಶಾಲೆಯೂ ಹೋಗುತ್ತದೆ ಎಂದು ಅವರಿಗೆ ಅನ್ನ ಸೇರದಾಯಿತು. ಆ ಮಗುವನ್ನು, ಆ ತಾಯಿಯ ವಿಶ್ವಾಸವನ್ನು ಮರಳಿ ಗಳಿಸುವುದು ಬಿಟ್ಟು ಅವರಿಗೆ ಮುಂದೆ ಬೇರೆ ಯೋಚನೆಯೇ ಇರಲಿಲ್ಲ.

ಅವರು ಮಾಡಿದ ಮೊದಲ ಕೆಲಸ ಲಾಳಿಯ ಮಾತನ್ನು ಹಿಂದಿರುಗಿಸಿದ್ದು. ಕೊಟ್ಟವರು ಬಿಡಿಸಿಕೊಳ್ಳುವಂತಿಲ್ಲ, ತೆಗೆದುಕೊಂಡವರೇ ಲಾಳಿ ಮುಟ್ಟಿ ವಾಪಸು ಕೊಡಬೇಕು. ಅದೂ ಊರ ಮುಂದೆ. ಮುಂದಿನ ಶುಕ್ರವಾರ ಗುಡಿಯಲ್ಲಿ ಜಾನಮ್ಮನವರು ಲಾಳಿಯ ಮೇಲೆ ಕೈಯಿಟ್ಟು, "ನೀವು ಕೊಟ್ಟ ಮಾತನ್ನ ನಾನು ವಾಪಸ್ ಕೊಡ್ತಿದ್ದೀನಿ. ಮಾತು ಕೇಳೋಕೆ ಮುಂಚೆ ನಿಮ್ಮ ಮನೆ ಒಳಗೆ ಬಂದು ನೋಡಬೇಕಿತ್ತು. ನಾನು ನೋಡಲಿಲ್ಲ," ಎಂದರು. ಮುಖ್ಯೋಪಾಧ್ಯಾಯಿನಿಯಾದವರು ಊರವರ ಮುಂದೆ ಹೀಗೆ ತಲೆ ತಗ್ಗಿಸಬಾರದೆಂದು ನಮ್ಮಲ್ಲೇ ಕೆಲವರು ಗೊಣಗಿದರು. ಕುಪ್ಪುಸಾಮಿಯವರು ಮಾತ್ರ ಲಾಳಿಯನ್ನು ಎತ್ತಿ ಕಣ್ಣಿಗೊತ್ತಿಕೊಂಡು ಒಳಗೆ ತೆಗೆದುಕೊಂಡು ಹೋದರು. ಸುಗನ್ಯಾ ಅಲ್ಲಿಗೆ ಬಂದಿರಲಿಲ್ಲ.

ಅಂದಿನಿಂದ ಶಾಲೆ ಬಿಟ್ಟ ಮೇಲೆ ಜಾನಮ್ಮನವರು ಸುಗನ್ಯಾಳ ಮನೆಯ ಜಗುಲಿಗೆ ಹೋಗಿ ಕೂರತೊಡಗಿದರು. ಮೊದಲ ಸಂಜೆ ಬನ್ನಿ ಎನ್ನುವವರಿರಲಿಲ್ಲ. ಸೊಸೆ ಕಂಡೂ ಕಾಣದಂತೆ ಶೆಡ್ಡಿಗೆ ಹೋದಳು. ಕಮಲಾತಾಳ್ ಅವರು ಒಂದು ಚೊಂಬು ನೀರು ತಂದಿಟ್ಟು, "ಕೂತ್ಕೋ ಜಾನಮ್ಮ. ಅವಳು ಮಾತಾಡಲ್ಲ. ನಾನು ಮಾತಾಡ್ತೀನಿ, ನನಗೆ ಬೇರೆ ಏನು ಕೆಲಸ?" ಎಂದರು. ಆ ಅಜ್ಜಿ ಕಂಡಿಕೆಗೆ ನೂಲು ಸುತ್ತುತ್ತ ಊರ ಸುದ್ದಿಯನ್ನೆಲ್ಲ ಸುತ್ತುತ್ತಿದ್ದರು.

ಗೋಕಿಲಾ ಜಗುಲಿಯ ಮೂಲೆಯಲ್ಲಿ ಫೋನ್ ಹಿಡಿದು ಕೂತಿರುತ್ತಿದ್ದಳು. ಬಲಗೈಗೆ ಕಟ್ಟು ಹಾಕಿತ್ತು, ಎಡಗೈಯ ಬೆರಳು ಓಡುತ್ತಿತ್ತು. ಜಾನಮ್ಮನವರು ಫೋನಿನ ವಿಷಯವನ್ನೇ ಎತ್ತಲಿಲ್ಲ. ಮಗುವಿನ ಪಕ್ಕ ಕೂತು ತಾವೂ ಅದನ್ನೇ ನೋಡಿದರು. ಒಂದು ಆನೆ ಕೆರೆಯಿಂದ ಎದ್ದು ಎಲ್ಲಿಗೋ ಹೊರಟಿತ್ತು.

"ಅದು ಎಲ್ಲಿಗೆ ಹೋಗ್ತಿದೆ ಕಣ್ಣು?" ಎಂದು ಮುದ್ದು ಮಾಡಿ ಕೇಳಿದರು.

ಮಗು ಬೆರಳು ಸರಿಸಿತು. ಅಷ್ಟರಲ್ಲಿ ಆನೆ ಹೋಗಿ, ಯಾರೋ ಕುಣಿಯುವುದು ಬಂದಿತ್ತು. ಜಾನಮ್ಮನವರು ಮತ್ತೆ ಕೇಳಿದರು. ಗೋಕಿಲಾ ಮೊದಲ ಸಲ ಕತ್ತೆತ್ತಿ ನೋಡಿ, "ಹೋಗ್ಬಿಡ್ತು," ಎಂದಳು.

"ಹೋಗ್ಬಿಡ್ತಾ? ಪಾಪ, ಎಲ್ಲಿಗೆ ಹೋಯ್ತೋ. ನಾಳೆ ಬಂದು ಹೇಳ್ತೀನಿ."

ಮರುದಿನ ಆನೆ ಎಲ್ಲಿಗೆ ಹೋಯಿತೆಂದು ಹೇಳಿದರು. ಪಲ್ಲಡಂ ಸಂತೆಗೆ ಹೋಗಿ, ಸೊಂಡಿಲಿಗೆ ಒಂದು ಬನಿಯನ್ ಬೇಕೆಂದು ಕೇಳಿ, ಅಳತೆ ಸಿಗದೆ ತಿರುಪ್ಪೂರಿಗೆ ಟೌನ್ ಬಸ್ ಹತ್ತಿತಂತೆ. ಬಸ್ಸಿನಲ್ಲಿ ಜಾಗವಿಲ್ಲದೆ ಕಂಡಕ್ಟರನ ಸೀಟಿನಲ್ಲೇ ಕೂತುಬಿಟ್ಟಿತಂತೆ. ಕಥೆ ನಡೆಯುತ್ತಿದ್ದಾಗ ಫೋನು ಮಗುವಿನ ತೊಡೆಯ ಮೇಲೆ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿತ್ತು. ಆಮೇಲಾಮೇಲೆ ಹಾಗೂ ಇರಲಿಲ್ಲ. ಜಾನಮ್ಮನವರು ಮೆಟ್ಟಿಲು ಹತ್ತುವುದು ಕಂಡರೆ ಗೋಕಿಲಾ ತಾನಾಗಿಯೇ ಫೋನನ್ನು ಮಗುಚಿ ಇಟ್ಟು, "ಆನೆ?" ಎಂದು ಕೇಳುತ್ತಿದ್ದಳು. ನೋಡಿದ ಪ್ರತಿಯೊಂದರ ಮುಂದಿನ ಕಥೆ ಅವಳಿಗೆ ಬೇಕಾಯಿತು, ಕೊನೆಗೆ ಅವಳೇ ಹೇಳತೊಡಗಿದಳು. ಶೆಡ್ಡಿನ ಒಳಗಿಂದ ಸುಗನ್ಯಾಳಿಗೆ ಮಾತು ಕೇಳುತ್ತಿರಲಿಲ್ಲ. ಮಗಳ ತುಟಿ ಅಲ್ಲಾಡುವುದು, ಕೈ ಅಗಲಿಸಿ ಆನೆಯ ಗಾತ್ರ ತೋರಿಸುವುದು ಕಾಣುತ್ತಿತ್ತು. ನೀರು ಕುಡಿಯುವ ನೆಪ ಮಾಡಿ ಅವಳು ಬಾಗಿಲಿಗೆ ಬಂದು ನಿಲ್ಲುವುದನ್ನು ಕಮಲಾತಾಳ್ ಒಬ್ಬರೇ ಗಮನಿಸುತ್ತಿದ್ದರು.

ಆದರೆ ಕಥೆ ಹೇಳುವ ಟೀಚರ್ ಸಂಜೆಗೆ ಮಾತ್ರ. ಉಳಿದ ಹೊತ್ತು ಮಗು ಬೆಲ್ಟಿನ ಹತ್ತಿರ ಬಾರದಂತೆ ತಡೆಯುವುದಕ್ಕೆ ಏನಾದರೂ ಬೇಕೇ ಬೇಕಿತ್ತು. ಜಾನಮ್ಮನವರು ಶಾಲಾ ಸಮಿತಿಯಲ್ಲಿ ತೀರ್ಮಾನ ಮಾಡಿಸಿ, ಮುರಿದು ಮೂಲೆಯಲ್ಲಿ ಬಿದ್ದಿದ್ದ ಬೆಂಚುಗಳ ಹಲಗೆಗಳನ್ನು ಬಡಗಿ ಈಶ್ವರನ್ ಅವರಿಗೆ ಒಪ್ಪಿಸಿದರು. ಶೆಡ್ಡಿನ ಬಾಗಿಲಿಗೆ ದೊಡ್ಡವರ ಸೊಂಟದ ಎತ್ತರದ ಅರ್ಧ ಬಾಗಿಲು, ಅದರ ಅಗುಳಿ ಒಳಗಡೆಗೆ, ಮಗುವಿನ ಕೈಗೆ ಎಟುಕದಂತೆ. ಮೊದಲ ಬಾಗಿಲು ಸುಗನ್ಯಾಳ ಮನೆಗೇ ಆಯಿತು. ಅವಳು ಬೇಡ ಎನ್ನಲಿಲ್ಲ, ಬೇಕು ಎಂದೂ ಹೇಳಲಿಲ್ಲ. ಈಶ್ವರನ್ ಹೋದ ಮೇಲೆ ಅಗುಳಿಯನ್ನು ಹಾಕಿ ತೆಗೆದು, ಹಾಕಿ ತೆಗೆದು ನೋಡಿದಳಂತೆ. ಬೇರೆ ಮನೆಗಳವರೂ ಕೇಳಿಕೊಂಡು ಬಂದರು, ಬೆಂಚುಗಳು ಮುಗಿದವು. ಚೆನ್ನಾಗಿದ್ದ ಬೆಂಚುಗಳ ಮೇಲೂ ಜಾನಮ್ಮನವರ ಕಣ್ಣು ಬಿದ್ದಿತ್ತು. ನಾವು ಮಕ್ಕಳನ್ನು ಅವುಗಳ ಮೇಲೆ ಕೂರಿಸಿ ಕಾಪಾಡಿಕೊಂಡೆವು.

ಇನ್ನು ಅಮಾವಾಸ್ಯೆಯ ಸಂಗತಿ. ನೇಕಾರರ ಮನೆಗಳಲ್ಲಿ ಅಮಾವಾಸ್ಯೆಗೆ ಮಗ್ಗ ಓಡುವುದಿಲ್ಲ. ಲಾಳಿ, ಕತ್ತರಿ, ಕಂಡಿಕೆಗಳನ್ನು ಒರೆಸಿ, ಗಂಧ ಕುಂಕುಮವಿಟ್ಟು ಚೌಡಮ್ಮನ ಪಟದ ಮುಂದೆ ಇಡುತ್ತಾರೆ. ಬೊಟ್ಟಿಟ್ಟ ಸಾಮಾನನ್ನು ಮರುದಿನ ಬೆಳಗಿನವರೆಗೆ ಯಾರೂ ಮುಟ್ಟುವಂತಿಲ್ಲ. ಒಂದು ಭಾನುವಾರ ಅಮಾವಾಸ್ಯೆ ಬಂದಿತ್ತು. ಊರಿನ ಸದ್ದು ನಿಂತಿತ್ತು, ಕಾಗೆ ಕೂಗಿದ್ದೂ ಕೇಳುತ್ತಿತ್ತು. ಜಾನಮ್ಮನವರು ಜಗುಲಿಯಲ್ಲಿದ್ದರು. ಒಳಗೆ ಕಮಲಾತಾಳ್ ಬೊಟ್ಟಿಡುತ್ತಿದ್ದಾಗ ಗೋಕಿಲಾ ಫೋನನ್ನು ಎರಡೂ ಕೈಯಲ್ಲಿ ಹಿಡಿದು ತಂದಳು.

"ಅಜ್ಜಿ, ಇದಕ್ಕೂ."

"ಅದು ತರಿ ಸಾಮಾನು ಅಲ್ಲ ಕಣ್ಣು."

"ಅಪ್ಪ ಇದ್ರಲ್ಲಿ ತಾನೆ ಕೆಲಸ ಮಾಡೋದು?"

ಅಜ್ಜಿ ಒಂದು ಗಳಿಗೆ ಯೋಚಿಸಿದರು. ಮೊಮ್ಮಗಳು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಫೋನನ್ನು ಸೆರಗಿನಲ್ಲಿ ಒರೆಸಿ, ನೆತ್ತಿಗೆ ಗಂಧ ಕುಂಕುಮ ಹಚ್ಚಿ, ಲಾಳಿಯ ಪಕ್ಕದಲ್ಲಿ ಮಲಗಿಸಿದರು. ಸ್ನಾನ ಮುಗಿಸಿ ಬಂದ ಸೆಂದಿಲ್ ಕುಮಾರ್ ತಲೆ ಒರೆಸಿಕೊಳ್ಳುತ್ತಿದ್ದವನು ಹಾಗೇ ನಿಂತುಬಿಟ್ಟ.

"ಅವ್ವಾ, ಏನವ್ವಾ ಇದು? ನೂಲು ಕೊಡೋ ಮೊದಲಾಳಿ ಫೋನ್ ಮಾಡ್ತಾರೆ."

"ಮಾಡ್ಲಿ. ಇವತ್ತು ತರಿ ಓಡಿಸು ಅಂದ್ರೆ ಓಡಿಸ್ತೀಯಾ?"

"ಅದು ಹೇಗೆ ಓಡಿಸೋದು, ಅಮಾವಾಸ್ಯೆ."

"ಹಾಗಾದ್ರೆ ಇದೂ ಇರಲಿ."

ಸ್ವಲ್ಪ ಹೊತ್ತಿಗೆ ಫೋನು ಹೊಡೆದುಕೊಳ್ಳತೊಡಗಿತು. ಸೆಂದಿಲ್ ಕುಮಾರ್ ಎದ್ದ, ಕುಂಕುಮ ನೋಡಿದ, ಕೂತ. ಮನೆ ಮಂದಿಯೆಲ್ಲ ಅದು ನಿಲ್ಲುವವರೆಗೂ ಸುಮ್ಮನೆ ಕೇಳುತ್ತ ಕೂತರು. ಮತ್ತೆ ಹೊಡೆದುಕೊಂಡಿತು. ಗೋಕಿಲಾ ಅದರ ಹತ್ತಿರ ಬಗ್ಗಿ, "ಇವತ್ತು ರಜೆ," ಎಂದು ಹೇಳಿದಳು. ಜಗುಲಿಯಲ್ಲಿದ್ದ ಜಾನಮ್ಮನವರು ತಡೆಯಲಾರದೆ ನಕ್ಕರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುಗನ್ಯಾಳಿಗೂ ನಗು ಬಂತು. ಟೀಚರ್ ನೋಡುತ್ತಿದ್ದಾರೆಂದು ಗೊತ್ತಾದೊಡನೆ ಒಳಗೆ ತಿರುಗಿಕೊಂಡಳು. ಮರುದಿನ ಮೊದಲಾಳಿ, ನಿನ್ನೆ ಅಮಾವಾಸ್ಯೆ ಎಂಬುದು ಮರೆತೇ ಹೋಗಿತ್ತಪ್ಪ ಎಂದರಂತೆ.

ಜಾನಮ್ಮನವರಿಗೆ ಬೇಕಾದದ್ದು ಆ ಮನೆಯಲ್ಲೇ ಸಿಕ್ಕಿತು. ಫೋನು ದೆವ್ವವಲ್ಲ, ಆಟಿಕೆಯೂ ಅಲ್ಲ, ಮನೆಯ ಒಂದು ಉಪಕರಣ. ಉಪಕರಣಕ್ಕೆ ಕೆಲಸವಿರುತ್ತದೆ, ಕೆಲಸ ಮುಗಿದ ಮೇಲೆ ವಿಶ್ರಾಂತಿ ಇರುತ್ತದೆ. ಇದನ್ನು ನೇಕಾರರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಊರಿನ ಹಲವು ಮನೆಗಳಲ್ಲಿ ಅಮಾವಾಸ್ಯೆಗೆ ಫೋನಿಗೂ ಬೊಟ್ಟು ಬಿತ್ತು. ತಿಂಗಳ ಉಳಿದ ದಿನಗಳಿಗೆ ಅವರು ಮಕ್ಕಳ ಕೈಯಲ್ಲೇ ಒಂದು ಪದ್ಧತಿ ಮಾಡಿಸಿದರು: ಫೋನನ್ನು ಎತ್ತಿಕೊಳ್ಳುವ ಮೊದಲು ಯಾವ ಕೆಲಸಕ್ಕೆ ಎಂದು ಬಾಯಿ ಬಿಟ್ಟು ಹೇಳಬೇಕು, ಆ ಕೆಲಸ ಮುಗಿದರೆ ಮಗುಚಿ ಮಲಗಿಸಬೇಕು. ಸುಮ್ಮನೆ ನೋಡುವುದಕ್ಕೆ ಎಂದರೂ ನಡೆಯುತ್ತದೆ, ಆದರೆ ಹಾಗೆಂದು ಹೇಳಬೇಕು, ಎಷ್ಟು ಹೊತ್ತು ಎಂಬುದನ್ನೂ ಹೇಳಬೇಕು. ದೊಡ್ಡವರಿಗೂ ಇದೇ ನಿಯಮ. ರಾಮ್‌ಕುಮಾರನ ತಂದೆ ಊಟದ ತಟ್ಟೆಯ ಮುಂದೆ ಫೋನ್ ತೆಗೆದಾಗ ಮಗ ಯಾವ ಕೆಲಸಕ್ಕೆ ಎಂದು ಕೇಳಿದನಂತೆ. ತಂದೆ ತಡವರಿಸಿ, ಟೈಮ್ ನೋಡಕ್ಕೆ ಎಂದರಂತೆ. ಗೋಡೆಯ ಮೇಲೆ ಗಡಿಯಾರ ನೇತಾಡುತ್ತಿತ್ತು.

ಈ ನಿಯಮ ನಮ್ಮ ಟೀಚರನ್ನೂ ಬಿಡಲಿಲ್ಲ. ಹಾಜರಿಯಿಂದ ಹಿಡಿದು ಮಧ್ಯಾಹ್ನದ ಊಟದವರೆಗೆ ಎಲ್ಲವನ್ನೂ ಇಲಾಖೆಯವರು ಫೋನಿನಲ್ಲೇ ಕೇಳುವ ಕಾಲ. ತರಗತಿಯಲ್ಲಿ ಅವರು ಫೋನ್ ಎತ್ತಿದರೆ, "ಯಾವ ಕೆಲಸಕ್ಕೆ ಟೀಚರ್?" ಎಂದು ಮಕ್ಕಳು ಒಟ್ಟಾಗಿ ಕೇಳುತ್ತಿದ್ದರು. ಹಾಜರಿಗೆ ಎಂದು ಒಪ್ಪಿಸಿಯೇ ಅವರು ಮುಂದುವರಿಯುತ್ತಿದ್ದರು. ಒಂದು ಮಧ್ಯಾಹ್ನ ಶಿಕ್ಷಕರ ಕೋಣೆಯಲ್ಲಿ ಒಬ್ಬರೇ ಕೂತಿದ್ದ ಅವರು ಫೋನನ್ನು ಕೈಗೆ ತೆಗೆದುಕೊಂಡು, ಯಾರೂ ಕೇಳದಿದ್ದರೂ, "ಸುಮ್ಮನೆ, ಸ್ವಲ್ಪ ಹೊತ್ತು," ಎಂದು ತಮ್ಮಷ್ಟಕ್ಕೆ ಹೇಳಿಕೊಂಡದ್ದನ್ನು ಈ ಲೇಖಕ ಬಾಗಿಲ ಆಚೆಯಿಂದ ಕೇಳಿಸಿಕೊಂಡಿದ್ದಾನೆ. ಬಹಿರಂಗಪಡಿಸಿದ್ದಕ್ಕೆ ಕ್ಷಮೆ ಇರಲಿ.

ಎಲ್ಲವೂ ಸುಸೂತ್ರವಾಯಿತೆಂದು ಬರೆದರೆ ಅವರೇ ಒಪ್ಪುವುದಿಲ್ಲ. ಎಷ್ಟೋ ಮನೆಗಳು ಕೆಲವು ದಿನ ಮಾಡಿ ಬಿಟ್ಟವು. ಮೀಸೆ ಚಿಗುರಿದ ಹುಡುಗರು ಆಟದ ಹುಚ್ಚಿನಲ್ಲಿ ಇಂದಿಗೂ ಗುಡಿಯ ಹಿಂದೆ ಗುಂಪು ಕೂರುತ್ತಾರೆ. ಟೀಚರ್ ಕಂಡರೆ ಎದ್ದು ನಿಲ್ಲುತ್ತಾರೆ, ಹೋದ ಮೇಲೆ ಕೂರುತ್ತಾರೆ. ಅನ್ನೂರು, ಅವಿನಾಶಿಯ ಕಡೆಯ ಶಿಕ್ಷಕರು ಬಂದು ನಿಮ್ಮ ವಿಧಾನ ಹೇಳಿಕೊಡಿ ಎಂದಾಗ ಜಾನಮ್ಮನವರು ಹೇಳುತ್ತಿದ್ದುದು ಇಷ್ಟೇ: "ಮೊದಲು ಮನೆ ಒಳಗೆ ಹೋಗಿ ನೋಡಿ. ಅಲ್ಲಿ ಫೋನು ಯಾರ ಕೆಲಸ ಮಾಡ್ತಿದೆ? ಅಜ್ಜಿ ಕೆಲಸವಾ, ಅಪ್ಪನ ಕೆಲಸವಾ, ಬಾಗಿಲಿನ ಕೆಲಸವಾ? ಆ ಕೆಲಸಕ್ಕೆ ಬೇರೆ ಆಳು ಸಿಕ್ಕಿದ ಮೇಲೆ ತೆಗೀರಿ. ಅಲ್ಲೀವರೆಗೂ ತಾಯಂದಿರನ್ನ ಬೈಬೇಡಿಂಗ."

ಮುಂದಿನ ಜೂನ್ ತಿಂಗಳಲ್ಲಿ ಶಾಲೆ ತೆರೆದ ದಿನ ಗೋಕಿಲಾ ಅಜ್ಜಿಯ ಕೈ ಹಿಡಿದು ಬಂದು ಒಂದನೆಯ ತರಗತಿಗೆ ಸೇರಿದಳು. ಕಳಿಸಿದವಳು ಸುಗನ್ಯಾಳೇ, ತಾನು ಬರಲಿಲ್ಲ. ಅಲ್ಲಿಂದಾಚೆಗೆ ಅವಳು ಟೀಚರನ್ನು ಕಂಡರೆ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅದಕ್ಕಿಂತ ಒಂದು ಮಾತು ಹೆಚ್ಚು ಆಡುತ್ತಿರಲಿಲ್ಲ. ಗೋಕಿಲಾ ಸೀಮೆಸುಣ್ಣವನ್ನು ನಡುಬೆರಳು ಹೆಬ್ಬೆರಳಿನ ನಡುವೆ ಹಿಡಿದು ಬರೆಯುವುದನ್ನು ಕಂಡಾಗಲೆಲ್ಲ ಜಾನಮ್ಮನವರಿಗೆ ಲಾಳಿ ಮುಟ್ಟಿಸಿದ ಆ ಶುಕ್ರವಾರ ನೆನಪಾಗುತ್ತಿತ್ತು. ಆ ತಾಯಿಯ ಮನಸ್ಸು ತಿರುಗುವುದಿಲ್ಲ, ತಿರುಗಬೇಕೆಂದು ಕೇಳುವ ಹಕ್ಕೂ ತನಗಿಲ್ಲ ಎಂದು ಅವರು ಒಪ್ಪಿಕೊಂಡಿದ್ದರು.

ಈ ವರ್ಷ ಅವರು ನಿವೃತ್ತರಾದರು. ಬೀಳ್ಕೊಡುಗೆಯಂದು ಶಾಲು ಹೊದಿಸಿದೆವು, ಹಾರ ಹಾಕಿದೆವು, ಮಾತಾಡಬಲ್ಲವರೂ ಮಾತಾಡಲಾರದವರೂ ಮಾತಾಡಿದೆವು. ಹೆತ್ತು ಕೆಲವೇ ತಿಂಗಳಾಗಿದ್ದ ಸುಗನ್ಯಾ ಎರಡನೆಯ ಕೂಸನ್ನು ಹೆಗಲಿಗೆ ಹಾಕಿಕೊಂಡು ಹಿಂದೆ ನಿಂತಿದ್ದಳು. ಎಲ್ಲರೂ ಟೀಚರ್ ಕಾಲು ಮುಟ್ಟುವ ಹೊತ್ತಿಗೆ ಅವಳು ಅಲ್ಲಿರಲಿಲ್ಲ. ಜಾನಮ್ಮನವರ ಕಣ್ಣು ಅವಳನ್ನು ಹುಡುಕಿದ್ದನ್ನು ನಾವು ನೋಡಿದೆವು.

ಬೀಳ್ಕೊಡುಗೆಯ ಮುಂದಿನ ವಾರ, ಬೆಳಗ್ಗೆ ಶೆಡ್ಡುಗಳು ಶುರುವಾಗುವ ಹೊತ್ತಿಗೆ, ಜಾನಮ್ಮನವರ ಮನೆಯ ಬಾಗಿಲಲ್ಲಿ ಸುಗನ್ಯಾ ಬಂದು ನಿಂತಳು. ಸೊಂಟದಲ್ಲಿ ಕೂಸು, ಕೈಯಲ್ಲಿ ಹಾಲಿನ ಬಾಟಲಿ, ಒಂದು ಚೀಲದಲ್ಲಿ ಬಟ್ಟೆ.

"ಅತ್ತೆಗೆ ಕಣ್ಣು ಆಪರೇಷನ್ ಆಗಿದೆಂಗ ಟೀಚರ್. ಅವರ ಕೈಲಿ ನೋಡ್ಕೊಳ್ಳೋಕೆ ಆಗಲ್ಲ. ನಾನು ತರಿಗೆ ಇಳೀಬೇಕು."

ಜಾನಮ್ಮನವರಿಗೆ ಕೈ ಚಾಚಲು ಧೈರ್ಯ ಬರಲಿಲ್ಲ. "ನನ್ನ ಹತ್ರ ಬಿಡ್ತೀಯಾ ಸುಗನ್ಯಾ?" ಎಂದು ಕೇಳಿದರು.

"ಫೋನ್ ಹತ್ರ ಬಿಡೋಕೆ ಮನಸ್ಸಿಲ್ಲ. ನಿಮ್ಮ ಹತ್ರ ತಾನೆ ಬಿಡಬೇಕು," ಎಂದು ಸುಗನ್ಯಾ ಕೂಸನ್ನು ಅವರ ಮಡಿಲಿಗೆ ಹಾಕಿದಳು. ಹಾಲು ಯಾವಾಗ ಕುಡಿಸಬೇಕೆಂದು ಹೇಳಿದಳು. ಮೆಟ್ಟಿಲು ಇಳಿದು ಹೊರಟಳು, ತಿರುಗಿ ನೋಡಲಿಲ್ಲ. ಮಗುವನ್ನು ಕೊಟ್ಟ ತಾಯಿ ತಿರುಗಿ ನೋಡದೆ ಕೆಲಸಕ್ಕೆ ಹೋದಳಲ್ಲ, ಅದನ್ನು ಮಾತ್ರ ಜಾನಮ್ಮನವರು ನಮಗೆ ಎರಡು ಸಲ ಹೇಳಿದರು.

ಈ ಗ್ರಂಥವನ್ನು ಅವರಿಗೆ ಅರ್ಪಿಸುವ ಸಮಾರಂಭವನ್ನು ಬೆಳಗ್ಗೆ ಹತ್ತಕ್ಕೆ ಇಟ್ಟುಕೊಳ್ಳೋಣವೆಂದು ಕೇಳಲು ನಾವು ಅವರ ಮನೆಗೆ ಹೋಗಿದ್ದೆವು. ಕೂಸಿನ ಹೆಸರು ಸರವಣಕುಮಾರ್. ಸದ್ಯಕ್ಕೆ ಹೆಸರಿಗಿಂತ ಅಳು ದೊಡ್ಡದು. ಜಾನಮ್ಮನವರು ಅವನನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತ, ಬೆಳಗ್ಗೆ ಆಗುವುದಿಲ್ಲ, ಅವನ ಅಮ್ಮನ ಶಿಫ್ಟ್ ಮುಗಿದ ಮೇಲೆ ಎಷ್ಟು ಹೊತ್ತಿಗೆ ಬೇಕಾದರೂ ಬರುತ್ತೇನೆ ಎಂದರು. ಆದ್ದರಿಂದ ಸಮಾರಂಭವನ್ನು ಸಂಜೆಗೆ ಮುಂದೂಡಲಾಗಿದೆ. ಗಣ್ಯರು ದಯವಿಟ್ಟು ಸಹಕರಿಸಬೇಕು. ಚೌಡಮ್ಮ ಅವರಿಗೆ ತುಂಬು ಆಯುಷ್ಯವನ್ನೂ ಗಟ್ಟಿ ಸೊಂಟವನ್ನೂ ಕೊಡಲಿ. ಆ ಕೂಸು ನಡೆದು ಶಾಲೆಗೆ ಹೋದ ಮೇಲೆ ಇನ್ನೊಬ್ಬ ತಾಯಿ ಆ ಮೆಟ್ಟಿಲು ಹತ್ತಿ ಬರಲಿ, ಅವರ ಮಡಿಲು ಎಂದಿಗೂ ಖಾಲಿಯಾಗದಿರಲಿ.